ಪಾರ್ಲರ್‌ನಾಗ ನನ್ನ ಮುಖ ಸುಟ್ಟದ್ದು ಖರೆ, ಆದ್ರ ನಾ ಬರದ ಮೆಸೇಜಿಂದ ಸಂಬಂಧ ಇಲ್ಲದ ಹುಡುಗೀನ್ನ ಗೇಟಿನಾಗ ನಿಲ್ಲಿಸ್ಯಾರ, ಈಗ ಹೆಂಗ ತಿದ್ದಲಿ?

ವಾಕಡ್_ವೈನಿ (ಪುಣೆ) ಕೇಳಿದ್ದು:

ನಮಸ್ಕಾರ್ರಿ ಎಲ್ಲಾರಿಗೂ. ನಾ ಮೂಲ ಧಾರವಾಡದಕಿ, ಪುಣೆಕ್ಕ ಬಂದು ಹನ್ನೊಂದು ವರ್ಷ ಆತು, ವಾಕಡ್‌ನಾಗ ಒಂದು ದೊಡ್ಡ ಸೊಸೈಟಿಯೊಳಗ ಇರ್ತೀವಿ. ಪಾರ್ಲರ್ ಕೆಲಸ ಬಲ್ಲವ್ರು, ಮುಂಬೈ ಗೋವಾ ಕಡೆಯವ್ರು ಇಲ್ಲಿ ಭಾಳ ಮಂದಿ ಇದ್ದೀರಿ ಅಂತ ಕೇಳಾಕತ್ತೀನಿ. ಸ್ವಲ್ಪ ಉದ್ದ ಆಗ್ತೈತಿ, ಆದ್ರೂ ಪೂರ್ತಿ ಓದ್ರಿ.

ಹೋದ ತಿಂಗಳ ತಂಗಿ ಮದುವಿ ಇತ್ತು. ನನಗ ಗಲ್ಲದ ಮ್ಯಾಲೆ ಬಂಗು ಐತಿ, ಮನಿ ಹತ್ರದ ಪಾರ್ಲರ್‌ನಾಗ ಪೀಲ್ (ಆ್ಯಸಿಡ್ ಹಚ್ಚಿ ಮ್ಯಾಲಿನ ಚರ್ಮ ಸುಲಿಯೂದು) ಮಾಡಿಸ್ಕೋರಿ ಒಂದ ವಾರದಾಗ ಹೋಗಿಬಿಡ್ತೈತಿ ಅಂದ್ರು, ಹೋದೆ. ಹಚ್ಚಿದಕಿ ಹೊಸಾ ಹುಡುಗಿ, ಮಣಿಪುರದಕಿ. ಬಾಟ್ಲಿ ಮ್ಯಾಲೆ ಲೇಬಲ್ ಇದ್ದಿಲ್ಲ. ಹಚ್ಚಿ ಎರಡ ಮಿನಿಟಿಗೆ ಉರಿ ತಡಕೊಳ್ಳಾಕ ಆಗ್ಲಿಲ್ಲ, ತೆಗಿ ತೆಗಿ ಅಂದೆ, ಅಕಿ ಗಾಬರಿಯಾಗಿ ಓನರ್ ಮೇಡಂ ಕಡೆ ನೋಡಿದ್ಲು, ಆ ಮೇಡಂ ಕೌಂಟರ್ ಬಿಟ್ಟು ಏಳದನ "ಇನ್ನ ಐದ ಮಿನಿಟ್ ಇರ್ಲಿ, ಅಂದ್ರನ ರಿಸಲ್ಟ್ ಬರೋದು" ಅಂದ್ರು. ಮರುದಿನ ಎರಡೂ ಗಲ್ಲ ಕರ್ರಗಾಗಿ ಸಿಪ್ಪಿ ಎದ್ದಂಗ ಆತು. ಚರ್ಮದ ಡಾಕ್ಟರು ನೋಡಿ ಕೆಮಿಕಲ್ ಬರ್ನ್ ಅಂದ್ರು. ಮದುವಿ ಫೋಟೋ ಒಂದರಾಗೂ ನಾ ಇಲ್ಲ.

ಸಿಟ್ಟಿನಾಗ ಸೊಸೈಟಿ ವಾಟ್ಸಾಪ್ ಗ್ರೂಪ್‌ನಾಗ ಬರದೆ. "ಚೌಕದ ಪಾರ್ಲರ್‌ಗೆ ಯಾರೂ ಹೋಗಬ್ಯಾಡ್ರಿ, ನಾರ್ತ್ ಈಸ್ಟ್ ಹುಡುಗ್ಯಾರನ್ನ ಇಟ್ಕೊಂಡಾರ, ಅವ್ರಿಗೆ ಲೈಸೆನ್ಸ್ ಇಲ್ಲ ಏನಿಲ್ಲ, ನನ್ನ ಮುಖ ಸುಟ್ರು." ಇಷ್ಟ. ರಾತ್ರಿ ಊಟ ಮಾಡಿ ಬರೂದ್ರೊಳಗ ನೂರಾರು ಮೆಸೇಜ್. ಒಬ್ರು ಇವ್ರೆಲ್ಲಾ ನೇಪಾಳದವ್ರು ಅಂತಾರ, ಒಬ್ರು ಬಾಂಗ್ಲಾದೇಶದವ್ರು ಪೊಲೀಸರಿಗೆ ಕೊಡ್ರಿ ಅಂತಾರ, ಒಬ್ರು ಸ್ಪಾದಾಗ ಇವ್ರು ಏನ ಮಾಡ್ತಾರ ಗೊತ್ತಲ್ಲ ಅಂತ ಬರದಾರ, ಕಣ್ಣಿನ ಬಗ್ಗೆ ಆ ಕೆಟ್ಟ ಶಬ್ದನೂ ಬಂತು. ಮೂರನೇ ದಿನ ಕಮಿಟಿಯವ್ರು ವಾಚ್‌ಮನ್‌ಗೆ ಹೇಳ್ಯಾರ, ಹೋಮ್ ಸರ್ವಿಸ್‌ಗೆ ಬರೂ "ಆ ಟೈಪ್" ಹುಡುಗ್ಯಾರನ್ನ ಒಳಗ ಬಿಡಬ್ಯಾಡ್ರಿ ಅಂತ.

ನಮ್ಮ ಸಿ ವಿಂಗ್ ಅಜ್ಜಿಗೆ ಶುಗರ್ ಐತಿ, ಅವರ ಕಾಲಿನ ಉಗುರು ಕತ್ತರಸಾಕ ಮಿಜೋರಾಂ ಹುಡುಗಿ ಒಬ್ಬಾಕಿ ಆರು ವರ್ಷದಿಂದ ಬರ್ತಾಳ. ಒಂದು ಸಲನೂ ಒಂದು ಗೀರು ಸೈತ ಆಗಿಲ್ಲ. ಅಕೀನ್ನ ಗೇಟಿನಾಗ ಅರ್ಧಾ ತಾಸು ಬಿಸಿಲಾಗ ನಿಲ್ಲಿಸಿ ವಾಪಸ್ ಕಳಿಸ್ಯಾರ. ನಾ ಬಾಲ್ಕನಿಯಿಂದ ನೋಡ್ದೆ. ಕೆಳಗ ಇಳದು ಹೋಗೂದ್ರೊಳಗ ರಿಕ್ಷಾ ಹತ್ತಿಬಿಟ್ಟಿದ್ಲು.

ನಮ್ಮ ಮನಿಯವ್ರು ಅಂತಾರ, ನೀ ಸುಳ್ಳ ಏನ ಬರದಿ, ಅಕಿ ಮಣಿಪುರದಕಿ ಅನ್ನೂದು ಖರೇನ ಅಲ್ಲ? ಅದಕ್ಕ ನನಗ ಉತ್ತರ ಕೊಡಾಕ ಬರವಲ್ದು. ಉಳದವ್ರಿಗೆ ಎಚ್ಚರಿಕಿ ಹೇಳೂದಂತೂ ಬೇಕು, ಇನ್ನೊಬ್ರ ಮುಖ ಸುಡಬಾರದು. ಆದ್ರ ಹೆಂಗ ಬರೀಬೇಕಿತ್ತು, ಏನು ಬಿಡಬೇಕಿತ್ತು?

ಡೊಂಬಿವ್ಲಿ_ಬ್ಯೂಟಿ_ಅಕ್ಕ:

ಮೊದಲು ಮುಖದ ಕತೆ. ಡಾಕ್ಟರು ಕೊಟ್ಟದ್ದು ಬಿಟ್ಟು ಬೇರೆ ಏನೂ ಹಚ್ಚಬೇಡಿ, ಸ್ಟೀಮ್ ಬೇಡ, ಸ್ಕ್ರಬ್ ಬೇಡ, ಲಿಂಬೆಹುಳಿ ಅರಶಿನ ಯಾವುದೂ ಬೇಡ. ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಮತ್ತೆ ದುಪಟ್ಟಾ ಎರಡೂ. ಬಂಗು ಇದ್ದ ಚರ್ಮಕ್ಕೆ ಸುಟ್ಟ ಮೇಲೆ ಬಿಸಿಲು ಬಿದ್ದರೆ ಕಲೆ ಇನ್ನೂ ಗಟ್ಟಿಯಾಗಿ ಕೂತುಕೊಳ್ತದೆ.

ನಾನು 22 ವರ್ಷದಿಂದ ಇದೇ ಕೆಲಸದಲ್ಲಿ ಇದ್ದೇನೆ, ಊರು ಉಡುಪಿ ಹತ್ತಿರ. ನಿಮ್ಮ ಮೆಸೇಜಿನಲ್ಲಿ "ಅವರಿಗೆ ಲೈಸೆನ್ಸ್ ಇಲ್ಲ" ಅಂತ ಉಂಟಲ್ಲ, ಅಲ್ಲಿಂದಲೇ ತಪ್ಪು ಶುರುವಾದದ್ದು. ನಮ್ಮ ದೇಶದಲ್ಲಿ ಥ್ರೆಡಿಂಗ್ ವ್ಯಾಕ್ಸ್ ಫೇಶಿಯಲ್ ಮಾಡುವ ಹುಡುಗಿಗೆ ಅವಳ ಹೆಸರಿನಲ್ಲಿ ಒಂದು ಲೈಸೆನ್ಸ್ ಅಂತ ಇಲ್ಲವೇ ಇಲ್ಲ. ಗುಮಾಸ್ತಾ ಅಂತ ನಾವು ಹೇಳುವ ನೋಂದಣಿ ಅಂಗಡಿದು, ಓನರ್‌ದು, ಅದು ಕೂಡ ಮಹಾರಾಷ್ಟ್ರದಲ್ಲಿ 2017ರ ಕಾಯ್ದೆ ಬಂದ ಮೇಲೆ ಸಣ್ಣ ಅಂಗಡಿಯವರು ಆನ್‌ಲೈನಿನಲ್ಲಿ ತಿಳಿಸಿದರೆ ಸಾಕು. ಕಲಿತದ್ದಕ್ಕೆ ಕಾಗದ ಬೇಕಾದರೆ ಐಟಿಐಯಲ್ಲಿ ಒಂದು ವರ್ಷದ ಕಾಸ್ಮೆಟಾಲಜಿ ಉಂಟು, ಸ್ಕಿಲ್ ಕೌನ್ಸಿಲ್ ಸರ್ಟಿಫಿಕೇಟ್ ಉಂಟು, ಆದರೆ ಅದಿಲ್ಲದೆ ಕೆಲಸ ಮಾಡಬಾರದು ಅಂತ ಯಾರೂ ಹೇಳುವುದಿಲ್ಲ. ನಾನು ಸ್ವತಃ ಮಾಟುಂಗಾದಲ್ಲಿ ದೊಡ್ಡಮ್ಮನ ಮಗಳ ಪಾರ್ಲರ್‌ನಲ್ಲಿ ಮೂರು ವರ್ಷ ಕೈಯಲ್ಲಿ ಒಂದು ಕಾಗದ ಇಲ್ಲದೆ ಕೆಲಸ ಮಾಡಿದವಳು. ಒಬ್ಬ ಗಿರಾಕಿ ಕೇಳಲಿಲ್ಲ, ಯಾಕೆಂದರೆ ಮರಾಠಿ ಮಾತಾಡ್ತಿದ್ದೆ, ನೋಡಲಿಕ್ಕೆ ಅವರ ಮನೆಯವಳ ಹಾಗೇ ಇದ್ದೆ. ನಿಮ್ಮ ಸೊಸೈಟಿಯಲ್ಲೇ ಮನೆಯ ಒಂದು ರೂಮಿನಲ್ಲಿ ಪಾರ್ಲರ್ ನಡೆಸುವ ಆಂಟಿ ಒಬ್ಬರಾದರೂ ಇರ್ತಾರೆ, ಅವರ ಗುಮಾಸ್ತಾ ಯಾರಾದರೂ ಕೇಳಿದ್ದಾರಾ?

ಕಾನೂನು ಖಡಕ್ ಆಗಿರೋದು ಸೂಜಿ ವಿಷಯದಲ್ಲಿ. ಬೊಟಾಕ್ಸ್, ಫಿಲ್ಲರ್, ಬೆಳ್ಳಗಾಗುವ ಇಂಜೆಕ್ಷನ್ ಅಂತ ಚುಚ್ಚುತ್ತಾರಲ್ಲ, ಅದು ರಿಜಿಸ್ಟರ್ಡ್ ಡಾಕ್ಟರ ಕೆಲಸ. ಡಾಕ್ಟರಲ್ಲದವರು ವೈದ್ಯ ವೃತ್ತಿ ಮಾಡಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ, ಅಂದರೆ ಎನ್‌ಎಂಸಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಕೂದಲು ಕಸಿ ಮಾಡುವವರಿಗೆ 2022ರಲ್ಲಿ ಅದೇ ಎನ್‌ಎಂಸಿ ಯೂಟ್ಯೂಬ್ ನೋಡಿ ಕಲಿತದ್ದು ಸಾಲದು ಅಂತ ಬರೆದೇ ಹೇಳಿತು. ಸ್ಟ್ರಾಂಗ್ ಪೀಲ್ ಕೂಡ ಚರ್ಮದ ಡಾಕ್ಟರ ಕೆಲಸವೇ, ನಮ್ಮಂಥವರು ಮುಟ್ಟಬಾರದು, ಲೇಬಲ್ ಇಲ್ಲದ ಬಾಟ್ಲಿಯಂತೂ ಕನಸಿನಲ್ಲೂ ಬೇಡ.

ಇನ್ನೊಂದು ಹೇಳ್ತೇನೆ, ಇದು ನಮ್ಮ ಲೈನಿನ ಒಳಗಿನ ಮಾತು. ಓನರುಗಳು ಏನು ಮಾಡ್ತಾರೆ ಅಂದರೆ, ಆ ಕಡೆಯ ಹುಡುಗಿ ಬಂದ ಕೂಡಲೇ "ಇವರಿಗೆ ಬ್ಯೂಟಿ ಕೆಲಸ ಹುಟ್ಟಿನಿಂದಲೇ ಬರ್ತದೆ, ಕೈ ಮೆತ್ತಗೆ, ಮುಖ ಫಾರಿನ್" ಅಂತ ಹೇಳಿ ಟ್ರೈನಿಂಗೇ ಕೊಡದೆ ಸೀದಾ ಕುರ್ಚಿ ಹತ್ತಿರ ನಿಲ್ಲಿಸ್ತಾರೆ. ಗಿರಾಕಿಗಳೂ ಹಾಗೇ, ನನ್ನಲ್ಲಿ ಅಸ್ಸಾಮಿನ ಹುಡುಗಿ ಒಬ್ಬಳಿದ್ದಳು, "ಆ ಚೈನೀಸ್ ಹುಡುಗಿಯೇ ಬೇಕು ಪೆಡಿಕ್ಯೂರಿಗೆ" ಅಂತ ಕೇಳಿ ಬರುವವರು ಎಷ್ಟೋ ಜನ, ಹೊಗಳಿದ್ದು ಅಂತಲೇ ತಿಳ್ಕೊಂಡಿದ್ದರು ಅವರು. ಅವಳು ಬಂದಾಗ ಫೈಲರ್ ಹಿಡಿಯಲಿಕ್ಕೂ ಗೊತ್ತಿರಲಿಲ್ಲ ಮಾರಾಯ್ರೆ, ಎಂಟು ತಿಂಗಳು ಕಲಿಸಿದೆ. ನನ್ನ ಮಾವ ಭಂಡಾರಿ ಸಮಾಜದವರು, ದಾದರಿನಲ್ಲಿ ಸಲೂನ್ ಇಟ್ಟವರು, ಅವರಿಗೂ "ನಿಮಗೇನು, ಕತ್ತರಿ ಹಿಡ್ಕೊಂಡೇ ಹುಟ್ಟಿದವರು" ಅಂತ ಹೇಳ್ತಿದ್ದರಂತೆ. ಅಪ್ಪನ ಕೈಯಲ್ಲಿ ಎಷ್ಟು ಪೆಟ್ಟು ತಿಂದು ಕತ್ತರಿ ಹಿಡಿಯಲಿಕ್ಕೆ ಕಲಿತರು ಅಂತ ಅವರಿಗೇ ಗೊತ್ತು. ಹುಟ್ಟಿನಿಂದ ಬರ್ತದೆ ಅಂದುಕೊಂಡ ಕಡೆ ಯಾರೂ ಕಲಿಸುವುದಿಲ್ಲ, ಕಲಿಸದ ಕಡೆ ಆ್ಯಸಿಡ್ ಜಾಸ್ತಿ ಹೊತ್ತು ಇರ್ತದೆ. ನಿಮ್ಮ ಗಲ್ಲ ಸುಟ್ಟದ್ದು ಹಾಗೆ.

ಅಂಧೇರಿ_ರಾವ್:

ಅಕ್ಕ, ನಿಮ್ಮ ಅನುಭವಕ್ಕೆ ಗೌರವ ಇದೆ, ಆದ್ರೆ ನಾನು ಒಪ್ಪಲ್ಲ ಪೂರ್ತಿ. ಕಣ್ಣಿಗೆ ಕಾಣೋ ಪ್ಯಾಟರ್ನ್ ಇದ್ರೂ ಹೇಳಬಾರದು ಅಂದ್ರೆ ಹೇಗೆ? ನಮ್ಮ ಏರಿಯಾದ ಸ್ಪಾ ಸಲೂನ್‌ಗಳಲ್ಲಿ ಹತ್ತರಲ್ಲಿ ಏಳೆಂಟು ಜನ ಆ ಕಡೆಯವರೇ, ಸರ್ಟಿಫಿಕೇಟ್ ಕೇಳಿದ್ರೆ ಯಾರತ್ರನೂ ಇಲ್ಲ. ಇದು ಫ್ಯಾಕ್ಟ್. ಫ್ಯಾಕ್ಟ್ ಹೇಳೋದು ದ್ವೇಷ ಅಲ್ಲ. ನಾಳೆ ಪೊಲೀಸ್ ಕಂಪ್ಲೇಂಟ್ ಕೊಟ್ರೆ ಯಾರು ಹಚ್ಚಿದ್ದು ಅಂತ ಕೇಳಲ್ವಾ, ಆಗಲೂ ರಾಜ್ಯ ಹೇಳಬಾರದಾ?

ವಾಸ್ಕೊ_ಪರಸಪ್ಪ:

ರಾವ್ ಸರ್, ನೀವು ಪ್ಯಾಟರ್ನ್ ಅಂದ್ರಿ, ಅದಕ್ಕ ಬರಿಯಾಕತ್ತೀನಿ. ನಾವು ವಿಜಾಪುರ ಜಿಲ್ಲಾದವ್ರು, ನಮ್ಮಪ್ಪ ಮುರ್ಮುಗಾಂವ್ ಬಂದರದಾಗ ಹಮಾಲಿ ಮಾಡಾಕಂತ ಗೋವಾಕ್ಕ ಬಂದವ್ರು, ನಾ ಹುಟ್ಟಿದ್ದ ವಾಸ್ಕೋದಾಗ, ಬೈನಾದಾಗ. ಬೈನಾ ಅಂದ್ರ ಗೋವಾದಾಗ ಏನರ್ಥ ಇತ್ತು ಅಂತ ಹಳೇ ಮಂದೀಗೆ ಗೊತ್ತದ. ಅಲ್ಲಿ ಮೈ ಮಾರೋ ಧಂದಾ ನಡೀತಿತ್ತು, ಖರೆ. ಅದರಾಗ ನಮ್ಮ ಕಡೆ ಹೆಣ್ಮಕ್ಕಳು ಇದ್ರು, ಅದೂ ಖರೆ. ಆದ್ರ ಅದೇ ಓಣ್ಯಾಗ ಹಮಾಲರು, ಗೌಂಡಿಗಳು, ಮೀನಾ ಮಾರೋರು, ರೊಟ್ಟಿ ಬಡಿಯೋರು ಸಾವಿರಾರು ಮಂದಿ ಕನ್ನಡದವ್ರು ಇದ್ವಿ. 2004ರ ಜೂನ್‌ದಾಗ ಬುಲ್ಡೋಜರ್ ಬಂದಾಗ ಯಾರ ಮನಿ ಯಾವ್ದು ಅಂತ ಕೇಳ್ಲಿಲ್ಲ ಸರ್, ಮಳಿಗಾಲದಾಗ ಎಲ್ಲಾ ಹೊರಗ ಬಿದ್ವಿ.

ಸಾಲ್ಯಾಗ ನಮಗ ಘಾಂಟಿ ಅಂತಿದ್ರು, ಘಟ್ಟದ ಆಚೆಯಿಂದ ಬಂದವ್ರು ಅಂತ ಹೀಯಾಳಿಸೋ ಮಾತು. ನಮ್ಮಕ್ಕಗ ಒಬ್ಬವ ಕೇಳಿದ, ನಿಮ್ಮವ್ವ ಏನ ಕೆಲಸ ಮಾಡ್ತಾಳ ಅಂತ, ಹೆಂಗ ಕೇಳಿದ ಅಂತ ಇಲ್ಲಿ ಬರಿಯಾಕ ಬರೂದಿಲ್ಲ. ನಮ್ಮವ್ವ ಮೂರು ಮನಿ ಭಾಂಡೆ ತಿಕ್ಕತಿದ್ಳು. ಅಕ್ಕ ಮರುವರ್ಷ ಸಾಲಿ ಬಿಟ್ಳು.

ಅವ್ರೂ ಫ್ಯಾಕ್ಟ್ ಅಂತನ ಅಂತಿದ್ರು ಸರ್. ಬೈನಾದಾಗ ಹೆಚ್ಚಿನವ್ರು ಕನ್ನಡದವ್ರು ಅನ್ನೂದು ಫ್ಯಾಕ್ಟ್. ಈಗ ಕಲಂಗುಟ್ ಕಡೆ ಸ್ಪಾದಾಗ ಕೆಲಸ ಮಾಡೋ ನಾಗಾಲ್ಯಾಂಡ್ ಅಸ್ಸಾಂ ಹುಡುಗ್ಯಾರನ್ನ ಥಾಯ್ ಹುಡುಗಿ ಅಂತ ಬೋರ್ಡ್ ಹಾಕಿ ಕರಿತಾರ, ರಾತ್ರಿ ಪೊಲೀಸ್ ರೇಡ್ ಆದ್ರ ಮಾರನೇ ದಿನ ಆ ರೋಡಿನ ಎಲ್ಲಾ ಹುಡುಗ್ಯಾರೂ ಆ ಧಂದಾದವ್ರೇ ಅಂತಾರ. ನಾ ಟೆಂಪೋ ಓಡಿಸ್ತೀನಿ, ಆ ಹುಡುಗ್ಯಾರು ರೂಮ್ ಖಾಲಿ ಮಾಡೂವಾಗ ಸಾಮಾನು ಸಾಗಿಸೀನಿ. ಅವ್ರ ಮುಖ ನೋಡಿದ್ರ ನನಗ ನಮ್ಮಕ್ಕನ ನೆನಪು ಬರ್ತದ.

ಡೊಂಬಿವ್ಲಿ_ಬ್ಯೂಟಿ_ಅಕ್ಕ:

ಪರಸಪ್ಪ, ಓದಿ ಕಣ್ಣು ತುಂಬಿ ಬಂತಪ್ಪ.

ರಾವ್ ಅವರೇ, ಹತ್ತರಲ್ಲಿ ಎಂಟು ಜನ ಅಲ್ಲಿಯವರೇ ಇದ್ದರೆ ತಪ್ಪು ಮಾಡುವವರಲ್ಲೂ ಎಂಟು ಜನ ಅವರೇ ಇರ್ತಾರೆ, ಒಳ್ಳೆ ಕೆಲಸ ಮಾಡುವವರಲ್ಲೂ ಎಂಟು ಜನ ಅವರೇ, ಅದರಿಂದ ನಿಮಗೆ ಏನು ಗೊತ್ತಾಯಿತು? ಮತ್ತೆ ಸರ್ಟಿಫಿಕೇಟ್ ಇಲ್ಲದ್ದು ಬರೇ ಅವರ ಹತ್ತಿರ ಅಲ್ಲ, ಉಳಿದ ಇಬ್ಬರ ಹತ್ತಿರವೂ ಇರಲಿಕ್ಕಿಲ್ಲ, ಅವರನ್ನು ನೀವು ಕೇಳಲಿಲ್ಲ ಅಷ್ಟೇ. ಪೊಲೀಸರಿಗೆ, ಕನ್ಸ್ಯೂಮರ್ ಕಂಪ್ಲೇಂಟಿಗೆ ಹೆಸರು, ಊರು, ಮುಖಚಹರೆ ಎಲ್ಲ ಕೊಡಿ, ಅಲ್ಲಿ ಅದು ಆ ಒಬ್ಬ ವ್ಯಕ್ತಿಯನ್ನು ಹುಡುಕಲಿಕ್ಕೆ. ನಾನೂರು ಜನ ಇರುವ ಗ್ರೂಪಿನಲ್ಲಿ ರಾಜ್ಯ ಹಾಕಿದರೆ ಯಾರನ್ನು ಹುಡುಕುತ್ತಾರೆ? ಗೇಟಿಗೆ ಮೊದಲು ಬಂದವಳನ್ನು.

ಬಾಣೇರ್_ಮೈಸೂರು:

ನಾನು ಸ್ಯಾನ್ ಹೋಸೆಯಲ್ಲಿ ಒಂಬತ್ತು ವರ್ಷ ಇದ್ದು ವಾಪಸ್ ಬಂದೋಳು, ಅಲ್ಲಿದೊಂದು ಹೇಳ್ತೀನಿ, ಯಾಕಂದ್ರೆ ಇದೇ ಜಗಳ ಅಲ್ಲಿ ಉಗುರಿನ ಸಲೂನ್ ಬಗ್ಗೆ ನಡೀತಿರುತ್ತೆ. ಕ್ಯಾಲಿಫೋರ್ನಿಯಾದಲ್ಲಿ ನೇಲ್ ಸಲೂನ್ ಅಂದ್ರೆ ಹೆಚ್ಚುಕಮ್ಮಿ ವಿಯೆಟ್ನಾಮಿನವ್ರೇ. ಅದೇನು ಅವ್ರ ರಕ್ತದಲ್ಲಿ ಬಂದಿದ್ದಲ್ಲ. 1975ರಲ್ಲಿ ಯುದ್ಧ ಮುಗಿದು ನಿರಾಶ್ರಿತರಾಗಿ ಬಂದ ಹೆಂಗಸ್ರು ಸ್ಯಾಕ್ರಮೆಂಟೋ ಹತ್ರ ಒಂದು ಕ್ಯಾಂಪಲ್ಲಿ ಇದ್ರು, ಟಿಪ್ಪಿ ಹೆಡ್ರನ್ ಅಂತ ಹಾಲಿವುಡ್ ನಟಿ ಅಲ್ಲಿಗೆ ಹೋಗ್ತಿದ್ರು, ಇವ್ರೆಲ್ಲ ಅವರ ಉಗುರು ನೋಡಿ ಆಸೆಪಟ್ರಂತೆ, ಆಕೆ ತನ್ನ ಮ್ಯಾನಿಕ್ಯೂರ್ ಮಾಡೋಳನ್ನೇ ಕರ್ಕೊಂಡು ಹೋಗಿ 20 ಜನಕ್ಕೆ ಕಲಿಸಿಕೊಟ್ರು. ಆ ಇಪ್ಪತ್ತು ಜನದಿಂದ ಅಕ್ಕ ತಂಗಿ ನಾದಿನಿ ಪಕ್ಕದ ಮನೆಯೋಳು ಅಂತ ಹಬ್ಬಿತು. ಇಂಗ್ಲಿಷ್ ಜಾಸ್ತಿ ಬೇಡ, ಕಡಿಮೆ ದಿನದಲ್ಲಿ ಕಲೀಬಹುದು, ಅದಕ್ಕೆ. ನಮ್ಮ ಉಡುಪಿ ಹೋಟೆಲ್ ಮುಂಬೈಯಲ್ಲಿ ಹಬ್ಬಿದ್ದೂ ಹೀಗೇ ಅಲ್ವಾ, ಒಬ್ರು ಬಂದು ಊರಿನ ಹತ್ತು ಹುಡುಗರನ್ನ ಕರೆಸ್ಕೊಂಡು.

ಅಲ್ಲಿ ನಮ್ಮಂಗಲ್ಲ, ಉಗುರಿನ ಕೆಲಸಕ್ಕೂ ಸ್ಟೇಟ್ ಲೈಸೆನ್ಸ್ ಬೇಕು, 400 ಗಂಟೆ ಕೋರ್ಸ್, ಪರೀಕ್ಷೆ. ವಿಯೆಟ್ನಾಮಿ ಭಾಷೆಯಲ್ಲೂ ಪರೀಕ್ಷೆ ಬರೀಬಹುದು. ಆದ್ರೂ "ಅವ್ರ ಸಲೂನ್‌ಗೆ ಹೋಗ್ಬೇಡ, ಲೈಸೆನ್ಸ್ ಇರಲ್ಲ, ಎಂಎಂಎ ಹಾಕ್ತಾರೆ" ಅಂತ ನನ್ನ ಆಫೀಸಲ್ಲೇ ಹೇಳ್ತಿದ್ರು. ಎಂಎಂಎ ಅಂದ್ರೆ ಮಿಥೈಲ್ ಮೆಥಾಕ್ರಿಲೇಟ್, ಅಗ್ಗದ ಅಕ್ರಿಲಿಕ್ ಉಗುರಿನ ದ್ರವ. ಅದರಿಂದ ಉಗುರು ಹಾಳಾದ ದೂರು ಬಂದು ಆಹಾರ, ಔಷಧಿ, ಕಾಸ್ಮೆಟಿಕ್ಸ್ ನೋಡ್ಕೊಳ್ಳೋ ಇಲಾಖೆ, ಅಂದ್ರೆ ಅಮೆರಿಕದ ಎಫ್‌ಡಿಎ 1970ರ ದಶಕದಲ್ಲೇ ಕ್ರಮ ತಗೊಂಡಿತ್ತು, ಅಂದ್ರೆ ಆ ಕೆಮಿಕಲ್ ತೊಂದರೆ ನಿಜ. ಹಾಕೋರು ಕೆಲವ್ರು ಇದ್ರು, ಅದೂ ನಿಜ. ಆದ್ರೆ ಅದನ್ನ ಕಂಡುಹಿಡಿಯೋಕೆ ದಾರಿ ಇತ್ತು, ಕೆಟ್ಟ ಘಾಟು ವಾಸನೆ, ಅರದಿಂದ ಉಜ್ಜಿದ್ರೂ ಬೇಗ ಸವೆಯಲ್ಲ, ತೆಗೆಯೋಕೆ ನೆನೆಸಿಟ್ರೂ ಬಿಡಲ್ಲ, ಮತ್ತೆ ಲೈಸೆನ್ಸ್ ಎದುರಿಗೇ ಹಾಕಿರಬೇಕು ಅಂತ ರೂಲ್ ಇತ್ತು. ನಾನು ಹೋಗ್ತಿದ್ದ ಸಲೂನಿನ ಹೆಂಗಸು ಕಾರ್ಡ್ ತೋರಿಸಿ, ಬಾಟ್ಲಿ ತಿರುಗಿಸಿ ಲೇಬಲ್ ತೋರಿಸಿ ಆಮೇಲೆ ಕೆಲಸ ಶುರು ಮಾಡೋರು, ನಾನು ಕೇಳದಿದ್ರೂ. ನನಗೆ ಮೊದಲು ಒಳ್ಳೆ ಅಭ್ಯಾಸ ಅನ್ನಿಸ್ತು, ಆಮೇಲೆ ಅರ್ಥವಾಯ್ತು, ಎಷ್ಟು ಜನ ಅವ್ರನ್ನ ಅನುಮಾನದಿಂದ ನೋಡಿರಬೇಕು ಹಾಗೆ ಅಭ್ಯಾಸ ಆಗೋಕೆ.

ವೈನಿ, ನಿಮ್ಮ ಯಜಮಾನ್ರಿಗೆ ಹೀಗೆ ಕೇಳಿ. ಆ ಹುಡುಗಿ ಧಾರವಾಡದೋಳು ಆಗಿದ್ರೆ "ಧಾರವಾಡದ ಹುಡುಗಿಯರನ್ನ ಇಟ್ಕೊಂಡಿದ್ದಾರೆ" ಅಂತ ಬರೀತಿದ್ರಾ? ಇಲ್ಲ ತಾನೇ, ಊರು ಬರೆಯೋ ಯೋಚನೆನೇ ಬರ್ತಿರ್ಲಿಲ್ಲ.

ವಾಶಿ_ಸುಮಾ:

ಬೆಂಗಳೂರಿನೋಳು ನಾನು. 2012ರ ಆಗಸ್ಟ್ ನೆನಪಿದ್ಯಾ ಯಾರಿಗಾದ್ರೂ? ಆಗ ನಾನು ಅಲ್ಲೇ ಕೆಲಸ ಮಾಡ್ತಿದ್ದೆ, ಪುಣೆಯಲ್ಲಿ ಈಶಾನ್ಯದ ಹುಡುಗರ ಮೇಲೆ ಹಲ್ಲೆ ಆಯ್ತು ಅನ್ನೋ ಸುದ್ದಿ ಬಂತು, ಆಮೇಲೆ ಬರೀ ಎಸ್ಸೆಮ್ಮೆಸ್ಸು, ಇಂಥ ದಿನದೊಳಗೆ ಊರು ಬಿಡಿ ಇಲ್ಲಾಂದ್ರೆ ಬಿಡಲ್ಲ ಅಂತ. ಎರಡು ಮೂರು ದಿನದಲ್ಲಿ ಸಿಟಿ ಸ್ಟೇಷನ್ ತುಂಬ ಅವ್ರೇ, ಗುವಾಹಟಿಗೆ ಸ್ಪೆಷಲ್ ಟ್ರೈನ್ ಬಿಟ್ರು. ಸರ್ಕಾರ ದಿನಕ್ಕೆ ಐದೇ ಎಸ್ಸೆಮ್ಮೆಸ್ ಅಂತ ಲಿಮಿಟ್ ಹಾಕಬೇಕಾಯ್ತು. ನನ್ನ ಪಕ್ಕ ಕೂರ್ತಿದ್ದ ಹುಡುಗಿ ಟಿಫನ್ ಬಾಕ್ಸು ಡೆಸ್ಕಲ್ಲೇ ಬಿಟ್ಟು ಹೋದ್ಲು, ವಾಪಸ್ ಬರಲೇ ಇಲ್ಲ. ವೈನಿ, ನಿಮ್ಮನ್ನ ಹೆದರಿಸೋಕೆ ಹೇಳ್ತಿಲ್ಲ, ಗ್ರೂಪಲ್ಲಿ ಹಾಕಿದ ಒಂದು ಸಾಲು ಎಲ್ಲಿವರೆಗೆ ಹೋಗುತ್ತೆ ಅಂತ ನಾನು ಕಣ್ಣಾರೆ ನೋಡಿದೀನಿ ಅಂತ ಅಷ್ಟೇ.

ಮತ್ತೆ ನೇಪಾಳ ನೇಪಾಳ ಅಂತ ಬರೆದಿದ್ದಾರಲ್ಲ, ನೇಪಾಳದವ್ರೇ ಆಗಿದ್ರೂ 1950ರ ಒಪ್ಪಂದದ ಪ್ರಕಾರ ಇಲ್ಲಿ ಇರೋಕೆ ಕೆಲಸ ಮಾಡೋಕೆ ವೀಸಾ ಬೇಕಾಗಿಲ್ಲ. ಮಣಿಪುರ ಮಿಜೋರಾಂನವ್ರಿಗಂತೂ ಪುಣೆಯಲ್ಲಿ ಕೆಲಸ ಮಾಡೋಕೆ ನಿಮಗೆ ನನಗೆ ಎಷ್ಟು ಹಕ್ಕಿದ್ಯೋ ಅಷ್ಟೇ ಇದೆ. ಆ ಕೆಟ್ಟ ಶಬ್ದ ಬರೆದೋರಿಗೆ ಇದನ್ನೂ ಹೇಳಿ, ಪರಿಶಿಷ್ಟ ಪಂಗಡದ ಹುಡುಗಿಗೆ ಹಾಗೆ ಅಂದ್ರೆ ಅಟ್ರಾಸಿಟಿ ಕಾಯ್ದೆ ಹಾಕಬಹುದು ಅಂತ ಕೇಂದ್ರ ಗೃಹ ಇಲಾಖೆ ಅದೇ 2012ರಲ್ಲಿ ರಾಜ್ಯಗಳಿಗೆ ತಿಳಿಸಿತ್ತು.

ಅಂಧೇರಿ_ರಾವ್:

ಪರಸಪ್ಪ ಅವರೇ, ನಿಮ್ಮದು ಎರಡು ಸಲ ಓದಿದೆ. ನಮ್ಮ ತಂದೆ 60ರ ದಶಕದಲ್ಲಿ ಮುಂಬೈನ ಫೋರ್ಟ್‌ನಲ್ಲಿ ಕ್ಲರ್ಕ್ ಆಗಿದ್ದವರು, ಮದ್ರಾಸಿಗಳು ನಮ್ಮ ಕೆಲಸ ಕಿತ್ಕೋತಾರೆ, ಲುಂಗಿ ಹಟಾವ್ ಅಂತ ಕೂಗ್ತಿದ್ದ ಕಾಲ, ಆಫೀಸಿಂದ ಬರೋವಾಗ ರೈಲಲ್ಲಿ ಕನ್ನಡ ಪೇಪರ್ ಬಿಚ್ಚೋಕೆ ಹೆದರ್ತಿದ್ರಂತೆ. ಆಗಲೂ ಲೆಕ್ಕ ತೋರಿಸಿಯೇ ಕೂಗ್ತಿದ್ದರು, ಇಷ್ಟು ಆಫೀಸಲ್ಲಿ ಇಷ್ಟು ಜನ ಸೌತ್‌ನವರು ಅಂತ. ಅದು ನನಗೆ ನಿನ್ನೆ ಬರೆಯುವಾಗ ನೆನಪಾಗಬೇಕಿತ್ತು. ಸರ್ಟಿಫಿಕೇಟ್ ಕೇಳಬೇಕು ಅನ್ನೋ ಮಾತು ನಾನು ಬಿಡಲ್ಲ, ಆದ್ರೆ ಎಲ್ಲರನ್ನೂ ಕೇಳಬೇಕು, ಓನರನ್ನ ಮೊದಲು.

ವಾಕಡ್_ವೈನಿ:

ಎಲ್ಲಾರದೂ ಓದೀನ್ರಿ, ಕೆಲವೊಂದು ಮನಿಯವ್ರಿಗೆ ಓದಿ ಹೇಳ್ದೆ. ಧಾರವಾಡದ ಹುಡುಗಿ ಮಾತಿಗೆ ಅವ್ರು ಏನೂ ಅನ್ಲಿಲ್ಲ, ಸುಮ್ನ ಕೂತ್ರು.

ಗ್ರೂಪ್‌ನಾಗ ಹಳೇ ಮೆಸೇಜ್ ಡಿಲೀಟ್ ಮಾಡಾಕ ಟೈಮ್ ಮೀರೇತಿ, ಅದಕ್ಕ ಇದನ್ನ ಬರದು ಹಾಕೀನಿ. "ಹೋದ ವಾರ ನಾ ಬರದಿದ್ರಾಗ ತಪ್ಪೈತಿ. ಕೆಲಸದ ಹುಡುಗಿ ಯಾವ ರಾಜ್ಯದಕಿ ಅನ್ನೂದಕ್ಕೂ ನನ್ನ ಮುಖ ಸುಟ್ಟಿದ್ದಕ್ಕೂ ಸಂಬಂಧ ಇಲ್ಲ. ಲೇಬಲ್ ಇಲ್ಲದ ಬಾಟ್ಲಿಯ ಪೀಲ್ ಹಚ್ಚಿದ್ರು, ಕಿವಿ ಹಿಂದ ಸ್ವಲ್ಪ ಹಚ್ಚಿ ನೋಡೂ ಪ್ಯಾಚ್ ಟೆಸ್ಟ್ ಮಾಡ್ಲಿಲ್ಲ, ಉರಿ ಅಂದ್ರೂ ತೆಗೀಲಿಲ್ಲ, ತೆಗೀಬ್ಯಾಡ ಅಂದವ್ರು ಓನರ್. ಡಾಕ್ಟರ್ ರಿಪೋರ್ಟ್ ಐತಿ, 1915 ನಂಬರಿಗೆ ಕನ್ಸ್ಯೂಮರ್ ಕಂಪ್ಲೇಂಟ್ ಕೊಟ್ಟೀನಿ. ಯಾವ ಪಾರ್ಲರ್‌ಗೆ ಹೋದ್ರೂ, ಯಾರ ಮಾಡಿದ್ರೂ, ಬಾಟ್ಲಿ ತೋರ್ಸು ಅನ್ರಿ, ಏನು ಎಷ್ಟು ಪರ್ಸೆಂಟ್ ಅಂತ ಕೇಳ್ರಿ, ಸೂಜಿ ತಗದ್ರ ಎದ್ದು ಬರ್ರಿ. ಗೇಟಿನಾಗ ಮುಖ ನೋಡಿ ತಡಿಯೂದು ಇವತ್ತ ನಿಲ್ಲಬೇಕು, ಅದು ನನ್ನ ಹೆಸರಿನಾಗ ಆಗ್ಲಿಕತ್ತೈತಿ, ನನಗ ಬ್ಯಾಡ."

ಮೂರು ಮಂದಿ ಗ್ರೂಪ್‌ನಾಗ ನನ್ನ ಮ್ಯಾಲೆ ಸಿಟ್ಟಾಗ್ಯಾರ. ಸೆಕ್ರೆಟರಿ ಮನೀಗೆ ಹೋಗಿದ್ದೆ, ಲಿಖಿತ ಆರ್ಡರ್ ಎಲ್ಲೈತಿ ತೋರ್ಸ್ರಿ ಅಂದೆ, ಇಲ್ಲ ಬಾಯಿ ಮಾತಿಲೆ ಹೇಳಿದ್ದು ಅಂದ್ರು, ಹಂಗಂದ್ರ ಬಾಯಿ ಮಾತಿಲೆನ ವಾಪಸ್ ತಗೋರಿ ಅಂತ ವಾಚ್‌ಮನ್ ಕಾಕಾನ್ನ ಅವ್ರ ಮುಂದನ ಕರಸಿದೆ. ತಗೊಂಡ್ರು.

ಮಿಜೋರಾಂ ಹುಡುಗಿಗೆ ಮೂರು ಸಲ ಫೋನ್ ಮಾಡೀನಿ, ಎತ್ತವಲ್ಳು. ಸಿ ವಿಂಗ್ ಅಜ್ಜಿ ಹತ್ರ ಅಕೀದು ಇನ್ನೊಂದು ನಂಬರ್ ಐತಂತ, ಅಜ್ಜಿಗೂ ಎರಡು ವಾರಾತು ಉಗುರು ತೆಗಸಿಲ್ಲ. ಸಂಜಿಕೆ ಹೋಗಿ ಆ ನಂಬರ್ ಇಸ್ಕೊಂಡು ಮತ್ತ ಹಚ್ಚಿ ನೋಡ್ತೀನಿ.